84 ಮತ್ತು 85ರ ನಡುವೆ ಏನಿದೆ?

2010ರ ಅಕ್ಟೋಬರ್‌ನಲ್ಲಿ 'ಫಾಲ್‌ಔಟ್: ನ್ಯೂ ವೇಗಸ್' ಎಂಬ ಗೇಮ್ ಹೊರಬಂತು. ಮಾಡಿದ್ದು ಅಬ್ಸಿಡಿಯನ್ ಎಂಬ ಸ್ಟುಡಿಯೊ. ಒಪ್ಪಂದದ ಪ್ರಕಾರ ಅವರಿಗೆ ಮಾರಾಟದಲ್ಲಿ ಪಾಲಿರಲಿಲ್ಲ, ಗೊತ್ತುಮಾಡಿದ ಮೊತ್ತ ಮಾತ್ರ. ಅದರ ಮೇಲೆ ಒಂದು ಬೋನಸ್ ಇತ್ತು. ಮೆಟಾಕ್ರಿಟಿಕ್ ಜಾಲತಾಣದಲ್ಲಿ ಗೇಮ್‌ನ ಸ್ಕೋರ್ 85 ಮುಟ್ಟಿದರೆ ಆ ಹಣ ಸಿಗುತ್ತಿತ್ತು. ಬಂದದ್ದು 84. ಸ್ಟುಡಿಯೊದ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಈ ವಿಷಯ ಹೇಳಿದ ಮೇಲೆಯೇ ಆಟಗಾರರಿಗೆ ಇದು ಗೊತ್ತಾಗಿದ್ದು.

ಇದು ಅನ್ಯಾಯ ಎಂದು ಆಗ ಬಹಳ ಜನ ಹೇಳಿದರು. ನನಗೂ ಹಾಗೇ ಅನಿಸುತ್ತದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. 84 ಬಂದ ಗೇಮ್‌ಗೂ 85 ಬಂದ ಗೇಮ್‌ಗೂ ನಿಜಕ್ಕೂ ವ್ಯತ್ಯಾಸ ಇದೆಯಾ? ಪ್ರಯೋಗಾಲಯದಲ್ಲಿ ಏನನ್ನಾದರೂ ಅಳೆದರೆ ಬರೀ ಸಂಖ್ಯೆ ಬರೆದು ಬಿಡುವುದಿಲ್ಲ. ಇಷ್ಟು ಹೆಚ್ಚುಕಡಿಮೆ ಇರಬಹುದು ಅಂತ ಪಕ್ಕದಲ್ಲೇ ಬರೆಯುತ್ತಾರೆ. ಗೇಮ್ ಸ್ಕೋರ್ ಕೂಡ ಒಂದು ಅಳತೆಯೇ. ಅದರ ಪಕ್ಕದಲ್ಲಿ ಮಾತ್ರ ಈ ಹೆಚ್ಚುಕಡಿಮೆಯ ಲೆಕ್ಕ ಕಾಣುವುದಿಲ್ಲ.

ಮೊದಲು ಈ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಮೆಟಾಕ್ರಿಟಿಕ್ ಶುರುವಾಗಿದ್ದು 2001ರಲ್ಲಿ. ಬೇರೆ ಬೇರೆ ಪತ್ರಿಕೆ, ಜಾಲತಾಣಗಳ ವಿಮರ್ಶಕರು ಕೊಟ್ಟ ಅಂಕಗಳನ್ನು ಅದು ಒಟ್ಟುಮಾಡಿ ನೂರಕ್ಕೆ ಇಷ್ಟು ಅಂತ ಒಂದೇ ಸಂಖ್ಯೆ ಕೊಡುತ್ತದೆ. ಕೇಳಲು ಸುಲಭ. ಆದರೆ ಒಬ್ಬರು ಹತ್ತಕ್ಕೆ ಅಂಕ ಕೊಡುತ್ತಾರೆ, ಇನ್ನೊಬ್ಬರು ಐದು ನಕ್ಷತ್ರಕ್ಕೆ, ಮತ್ತೊಬ್ಬರು ಎ, ಬಿ, ಸಿ ಅಂತ ದರ್ಜೆ. ಇವನ್ನೆಲ್ಲ ನೂರರ ಅಳತೆಗೆ ತರಬೇಕು. ನಾಲ್ಕು ನಕ್ಷತ್ರ ಅಂದರೆ 80. 'ಬಿ' ದರ್ಜೆ ಅಂದರೆ 75. 'ಎಫ್' ಅಂದರೆ ಸೊನ್ನೆ. ಬಿ ಕೊಟ್ಟ ವಿಮರ್ಶಕ ತನ್ನ ಮನಸ್ಸಿನಲ್ಲಿ 82 ಅಂದುಕೊಂಡಿರಬಹುದು. ಅದನ್ನು ಕೇಳುವವರಿಲ್ಲ. ಸಾಲದ್ದಕ್ಕೆ ಇದು ಸಾದಾ ಸರಾಸರಿಯೂ ಅಲ್ಲ. ಕೆಲವು ಪತ್ರಿಕೆಗಳ ಮಾತಿಗೆ ಜಾಸ್ತಿ ತೂಕ, ಕೆಲವಕ್ಕೆ ಕಡಿಮೆ. ಯಾರಿಗೆ ಎಷ್ಟು ಅನ್ನುವುದನ್ನು ಮೆಟಾಕ್ರಿಟಿಕ್ ಹೇಳುವುದಿಲ್ಲ. ಜನರ ಸಂಬಳ, ಬೋನಸ್ ಇದರ ಮೇಲೆ ನಿಂತಿರುವಾಗ ಲೆಕ್ಕದ ಸೂತ್ರವನ್ನೇ ಮುಚ್ಚಿಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಆ ವಿಮರ್ಶಕನ ತಲೆಯೊಳಗೆ ಹೋಗೋಣ. ಮನುಷ್ಯನಿಗೆ ಒಂದು ವಸ್ತುವನ್ನು ನೂರು ಮೆಟ್ಟಿಲುಗಳಲ್ಲಿ ಅಳೆಯಲು ಆಗುತ್ತದೆಯಾ? ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಂದೆಡೆ ಸೇರಿಸಿ ನೋಡಿದರು. ಬೇರೆ ಬೇರೆ ಶ್ರುತಿಯ ಸ್ವರಗಳನ್ನು ಒಂದೊಂದಾಗಿ ಕೇಳಿಸಿ 'ಇದು ಎಷ್ಟನೆಯದು?' ಅಂತ ಕೇಳಿದರೆ ಜನ ಸುಮಾರು ಆರು ಸ್ವರಗಳ ತನಕ ತಪ್ಪಿಲ್ಲದೆ ಹೇಳುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಒಂದನ್ನು ಇನ್ನೊಂದು ಅಂತಾರೆ. ನೀರಿನ ಉಪ್ಪು ರುಚಿ ನೋಡಿ ಹೇಳುವುದಾದರೆ ನಾಲ್ಕೇ ಹಂತ. ಒಟ್ಟಾರೆ ಏಳರ ಆಸುಪಾಸು ನಮ್ಮ ಮಿತಿ ಅಂತ ಮಿಲ್ಲರ್ ಕಂಡುಕೊಂಡರು. ಗೇಮ್ ಅಂದರೆ ಒಂದು ಸ್ವರವಲ್ಲ, ಅದರಲ್ಲಿ ಅಳೆಯಲು ಹತ್ತಾರು ಗುಣಗಳಿವೆ, ನಿಜ. ಹಾಗಿದ್ದರೂ 8.3ಕ್ಕೂ 8.4ಕ್ಕೂ ಇರುವ ಫರಕನ್ನು ಒಬ್ಬ ಮನುಷ್ಯ ಇವತ್ತು, ನಾಳೆ, ಮುಂದಿನ ತಿಂಗಳು ಒಂದೇ ರೀತಿ ಹಿಡಿಯಬಲ್ಲ ಅಂತ ನಂಬುವುದು ಕಷ್ಟ.

ವಿಮರ್ಶಕರಿಗೂ ಈ ಗೊಂದಲ ಗೊತ್ತು. ಐಜಿಎನ್ ತಾಣವನ್ನೇ ನೋಡಿ. ಮೊದಲು ಹತ್ತರ ಒಳಗೆ ದಶಮಾಂಶ ಹಾಕಿ ನೂರು ಹಂತ ಇಟ್ಟುಕೊಂಡಿದ್ದರು. 2010ರಲ್ಲಿ ಅದನ್ನು ಇಪ್ಪತ್ತು ಹಂತಕ್ಕೆ ಇಳಿಸಿದರು. 2012ರಲ್ಲಿ ಮತ್ತೆ ನೂರಕ್ಕೆ ಹೋದರು. 2020ರಿಂದ ದಶಮಾಂಶ ಬಿಟ್ಟು ಬರೀ ಹತ್ತು ಹಂತ. ಬ್ರಿಟನ್ನಿನ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತು. ಕೆಲವು ವರ್ಷಗಳ ಮೇಲೆ ಐದು ನಕ್ಷತ್ರ ಹಿಡಿದು ವಾಪಸ್ ಬಂತು. ಜಪಾನಿನ ಫಾಮಿತ್ಸು ಪತ್ರಿಕೆ ಮಾತ್ರ ಮೊದಲಿನಿಂದಲೂ ಬೇರೆ ದಾರಿ ಹಿಡಿದಿದೆ. ಅಲ್ಲಿ ಒಂದು ಗೇಮ್‌ಗೆ ನಾಲ್ವರು ವಿಮರ್ಶಕರು, ತಲಾ ಹತ್ತು ಅಂಕ, ಒಟ್ಟು ನಲವತ್ತು. ನಾಲ್ವರ ಅಂಕವನ್ನೂ ಬಿಡಿಬಿಡಿಯಾಗಿ ಅಚ್ಚು ಹಾಕುತ್ತಾರೆ. 1998ರಲ್ಲಿ 'ಜೆಲ್ಡಾ: ಒಕರಿನಾ ಆಫ್ ಟೈಮ್' ಮೊದಲ ಸಲ ನಲವತ್ತಕ್ಕೆ ನಲವತ್ತು ತೆಗೆದುಕೊಂಡಿತು. ಈ ಪದ್ಧತಿ ನನಗೆ ಇಷ್ಟ. ನಾಲ್ವರ ನಡುವೆ ಭಿನ್ನಾಭಿಪ್ರಾಯ ಇದ್ದರೆ ಓದುಗನ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.

ಹಾಗಾದರೆ ತುಂಬಾ ವಿಮರ್ಶಕರನ್ನು ಸೇರಿಸಿ ಸರಾಸರಿ ತೆಗೆದರೆ ಒಬ್ಬೊಬ್ಬರ ತಪ್ಪು ಅಳಿಸಿ ಹೋಗುವುದಿಲ್ಲವಾ? ಸ್ವಲ್ಪ ಮಟ್ಟಿಗೆ ಹೌದು. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್ 'ನೇಚರ್' ಪತ್ರಿಕೆಯಲ್ಲಿ ಬರೆದ ಒಂದು ಪುಟ್ಟ ಲೇಖನ ಇದಕ್ಕೆ ಹೆಸರಾದದ್ದು. ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಒಂದು ಎತ್ತನ್ನು ನಿಲ್ಲಿಸಿ, ಕಡಿದ ಮೇಲೆ ಮಾಂಸ ಎಷ್ಟು ತೂಗಬಹುದು ಅಂತ ಜನರಿಂದ ಅಂದಾಜು ಬರೆಸಿಕೊಂಡಿದ್ದರು. ಗಾಲ್ಟನ್ ಕೈಗೆ ಸಿಕ್ಕಿದ್ದು 787 ಚೀಟಿ. ಅಂದಾಜುಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬಂದದ್ದು 1207 ಪೌಂಡ್. ನಿಜವಾದ ತೂಕ 1198. ಅಷ್ಟು ಹತ್ತಿರ! ಒಬ್ಬ ಜಾಸ್ತಿ ಹೇಳಿದ್ದನ್ನು ಇನ್ನೊಬ್ಬ ಕಡಿಮೆ ಹೇಳಿದ್ದು ಸರಿದೂಗಿಸಿತ್ತು.

ಇದನ್ನೇ ಗೇಮ್‌ಗೆ ಹಚ್ಚಿ ನೋಡೋಣ. ಒಂದು ಗೇಮ್‌ಗೆ 40 ವಿಮರ್ಶೆ ಬಂದಿವೆ ಅಂದುಕೊಳ್ಳಿ. ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ 8ರಷ್ಟು ಆಚೀಚೆ ಇವೆ ಅಂತಿಟ್ಟುಕೊಳ್ಳೋಣ. ಸಂಖ್ಯಾಶಾಸ್ತ್ರದ ನಿಯಮ ಇಷ್ಟೇ: ಆ 8ನ್ನು ವಿಮರ್ಶೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. 40ರ ವರ್ಗಮೂಲ ಆರೂ ಚಿಲ್ಲರೆ. ಉತ್ತರ ಸುಮಾರು 1.3. ಸರಾಸರಿಯ ಎರಡೂ ಬದಿಗೆ ಇದರ ಎರಡರಷ್ಟು ಜಾಗ ಬಿಡುವುದು ವಾಡಿಕೆ, ಅಂದರೆ ಎರಡೂವರೆ ಅಂಕ. ಹೀಗಾಗಿ 84 ಬಂದ ಗೇಮ್‌ಗೆ ಬೇರೆ 40 ಜನ ವಿಮರ್ಶೆ ಬರೆದಿದ್ದರೆ 82 ಕೂಡ ಬರಬಹುದಿತ್ತು, 86 ಕೂಡ ಬರಬಹುದಿತ್ತು. ಆಟ ಅದೇ. ಕೈಗೆ ತೆಗೆದುಕೊಂಡವರು ಮಾತ್ರ ಬೇರೆ. ಈ ಲೆಕ್ಕ ನೋಡಿದ ಮೇಲೆ 85ಕ್ಕೆ ಬೋನಸ್, 84ಕ್ಕೆ ಇಲ್ಲ ಅನ್ನುವ ಒಪ್ಪಂದಕ್ಕೆ ಯಾವ ಆಧಾರವೂ ಉಳಿಯುವುದಿಲ್ಲ.

ಗಾಲ್ಟನ್‌ನ ಎತ್ತು ಕಲಿಸುವ ಪಾಠಕ್ಕೆ ಒಂದು ಷರತ್ತಿದೆ. ಚೀಟಿ ಬರೆದವರು ಒಬ್ಬರ ಚೀಟಿ ಒಬ್ಬರು ನೋಡಬಾರದು. ನೋಡಿಬಿಟ್ಟರೆ ಎಲ್ಲರ ತಪ್ಪೂ ಒಂದೇ ಕಡೆ ವಾಲುತ್ತದೆ. ಇಲ್ಲಿ ಗೇಮ್ ಪಬ್ಲಿಷರ್‌ಗಳ ಒಂದು ಪದ್ಧತಿ, ಎಂಬಾರ್ಗೊ, ಅಚ್ಚರಿಯ ರೀತಿಯಲ್ಲಿ ನೆರವಿಗೆ ಬರುತ್ತದೆ. ವಿಮರ್ಶಕರಿಗೆ ಗೇಮ್ ಮೊದಲೇ ಕಳಿಸಿ, ಇಂಥ ದಿನ, ಇಂಥ ಗಂಟೆಯ ತನಕ ಏನೂ ಪ್ರಕಟಿಸಬೇಡಿ ಅಂತ ಬರೆಸಿಕೊಳ್ಳುತ್ತಾರೆ. ಇದು ಮಾತನ್ನು ಹತೋಟಿಯಲ್ಲಿ ಇಡುವ ಉಪಾಯ ಅಂತ ಆಟಗಾರರು ಬೈಯುವುದುಂಟು, ಅದರಲ್ಲಿ ಹುರುಳೂ ಇದೆ. ಆದರೆ ಇದರಿಂದ ಎಲ್ಲರ ಅಂಕವೂ ಒಂದೇ ಹೊತ್ತಿಗೆ ಹೊರಬರುತ್ತದೆ. ಬೇರೆಯವರು ಎಷ್ಟು ಕೊಟ್ಟರು ಅಂತ ಇಣುಕಲು ಅವಕಾಶ ಕಡಿಮೆ. ಬಿಡುಗಡೆಗೆ ಮುಂಚಿನ ವಿಮರ್ಶೆಗಳು ಬಹುಮಟ್ಟಿಗೆ ಸ್ವತಂತ್ರವಾಗಿ ಉಳಿಯಲು ಇದು ದೊಡ್ಡ ಕಾರಣ.

ಆದರೆ ಸರಾಸರಿ ಅಳಿಸಲಾರದ ಇನ್ನೊಂದು ತಪ್ಪಿದೆ. ತಕ್ಕಡಿಯ ಬಟ್ಟೇ ಸವೆದು ಹಗುರವಾಗಿದ್ದರೆ ನೂರು ಸಲ ತೂಗಿದರೂ ತೂಕ ಸರಿಯಾಗುವುದಿಲ್ಲ, ಅಲ್ವಾ? ಎಲ್ಲ ವಿಮರ್ಶಕರೂ ಒಂದೇ ಬಗೆಯ ಪರಿಸ್ಥಿತಿಯಲ್ಲಿ ಆಡಿದ್ದು, ಆ ಪರಿಸ್ಥಿತಿ ಸಾಮಾನ್ಯ ಆಟಗಾರನದ್ದು ಅಲ್ಲವಾದರೆ ಆಗುವುದು ಇದೇ. 2020ರ ಡಿಸೆಂಬರ್ 10ರಂದು ಬಂದ 'ಸೈಬರ್‌ಪಂಕ್ 2077' ಇದಕ್ಕೆ ಎಲ್ಲಕ್ಕಿಂತ ನೋವಿನ ಉದಾಹರಣೆ. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಸಿಕ್ಕಿದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ತಾವೇ ಚಿತ್ರೀಕರಿಸಿದ ದೃಶ್ಯಗಳನ್ನು ತೋರಿಸಲೂ ಅನುಮತಿ ಇರಲಿಲ್ಲ. ಸ್ಕೋರ್ 90ರ ಹತ್ತಿರ ನಿಂತಿತು. ಅದನ್ನು ನಂಬಿ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ, ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಿಗೆ ಕೊಂಡವರ ಮುಂದೆ ತಡವರಿಸುವ, ಪದೇಪದೇ ನಿಂತುಹೋಗುವ ಗೇಮ್ ಬಂದು ಬಿತ್ತು. ಸುಮಾರು ಒಂದೇ ವಾರದಲ್ಲಿ ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿ ಹಣ ವಾಪಸ್ ಕೊಡಲು ಶುರುಮಾಡಿತು. ಪ್ಲೇಸ್ಟೇಷನ್ 4ರ ವಿಮರ್ಶೆಗಳು ಬಂದಾಗ ಅದರ ಸ್ಕೋರ್ 57ರಲ್ಲಿ ನಿಂತಿತು. ಮೊದಲು ಬರೆದವರು ಯಾರೂ ಸುಳ್ಳು ಹೇಳಿರಲಿಲ್ಲ. ಅವರ ಕೈಗೆ ಬಂದಿದ್ದೇ ಬೇರೆ ವಸ್ತು.

2014ರ ನವೆಂಬರ್‌ನಲ್ಲಿ ಬಂದ 'ಹೇಲೊ: ದಿ ಮಾಸ್ಟರ್ ಚೀಫ್ ಕಲೆಕ್ಷನ್' ಕತೆಯೂ ಇಂಥದ್ದೇ. ಸ್ಕೋರ್ 85. ಜನ ಒಟ್ಟಾಗಿ ಆನ್‌ಲೈನ್ ಆಡಲು ಹೋದಾಗ ಎದುರಾಳಿಗಳೇ ಸಿಗದೆ ಗಂಟೆಗಟ್ಟಲೆ ಕಾಯಬೇಕಾಯಿತು. ಬಿಡುಗಡೆಗೆ ಮುಂಚೆ ಸರ್ವರ್‌ನಲ್ಲಿ ಇರುವವರೇ ಬೆರಳೆಣಿಕೆಯಷ್ಟು ಜನ. ಲಕ್ಷಾಂತರ ಜನ ಒಟ್ಟಿಗೆ ನುಗ್ಗಿದಾಗ ಏನಾಗುತ್ತದೆ ಅಂತ ವಿಮರ್ಶಕ ಹೇಗೆ ತಿಳಿಯಬೇಕು?

ಇನ್ನೊಂದು ವಾಲು ಎಲ್ಲ ಗೇಮ್‌ಗಳಿಗೂ ಒಂದೇ ಸಮ ಇದೆ. ನೂರರ ಅಳತೆಯಲ್ಲಿ ನಡು ಅಂದರೆ 50 ಇರಬೇಕಿತ್ತು. ಗೇಮ್ ಲೋಕದಲ್ಲಿ 70 ಬಂದರೆ ಮುಖ ಬಾಡುತ್ತದೆ. ಮೆಟಾಕ್ರಿಟಿಕ್ ಕೂಡ ಇದನ್ನು ಒಪ್ಪಿಕೊಂಡ ಹಾಗೇ ಇದೆ. ಅಲ್ಲಿ ಸಿನಿಮಾಕ್ಕೆ 'ಚೆನ್ನಾಗಿದೆ' ಅನ್ನುವ ಹಸಿರು ಬಣ್ಣ ಸಿಗಲು 61 ಸಾಕು, ಗೇಮ್‌ಗೆ 75 ಬೇಕು. ಕಾರಣ ಹುಡುಕುವುದು ಕಷ್ಟವಲ್ಲ. ಕಳಪೆ ಗೇಮ್‌ಗಳನ್ನು ಬಹುತೇಕ ಪತ್ರಿಕೆಗಳು ವಿಮರ್ಶೆಗೇ ಎತ್ತಿಕೊಳ್ಳುವುದಿಲ್ಲ. ಕಾರ್ ರೇಸ್ ಗೇಮ್ ಬಂದರೆ ಅದನ್ನು ಇಷ್ಟಪಡುವವರ ಕೈಗೇ ಕೊಡುತ್ತಾರೆ. ಶಾಲೆಯ ಪರೀಕ್ಷೆಯ ರೂಢಿ ಬೇರೆ ಎಲ್ಲರ ತಲೆಯಲ್ಲಿ ಕೂತಿದೆ. ಒತ್ತಡವೂ ಇಲ್ಲದಿಲ್ಲ. 2007ರಲ್ಲಿ ಗೇಮ್‌ಸ್ಪಾಟ್‌ನ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಗೇಮ್‌ಗೆ 6 ಕೊಟ್ಟರು. ಅದೇ ಗೇಮ್‌ನ ಜಾಹೀರಾತು ಆ ತಾಣದ ತುಂಬಾ ಇತ್ತು. ಸ್ವಲ್ಪ ದಿನದಲ್ಲೇ ಅವರು ಕೆಲಸ ಕಳೆದುಕೊಂಡರು. ಇಂಥ ವಿಮರ್ಶೆಗಳ ಬಗ್ಗೆ ಎದ್ದ ತಕರಾರೇ ಕಾರಣವೆಂದು 2012ರಲ್ಲಿ ಅವರೇ ಹೇಳಿದರು. ಹೀಗೆ ಎಲ್ಲವೂ 70ರಿಂದ 90ರ ನಡುವಿನ ಇಕ್ಕಟ್ಟಿಗೆ ಬಂದು ಕೂತಾಗ, ಒಂದೆರಡು ಅಂಕದ ವ್ಯತ್ಯಾಸ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ವಿಮರ್ಶಕರನ್ನು ಬಿಟ್ಟು ಆಟಗಾರರ ಅಂಕವನ್ನೇ ನೋಡಿದರಾಯಿತು ಅಂತ ಕೆಲವರು ಹೇಳುತ್ತಾರೆ. ಅಲ್ಲಿ ತೊಂದರೆ ಇನ್ನೂ ಜಾಸ್ತಿ. ತುಂಬಾ ಮೆಚ್ಚಿದವರು, ತುಂಬಾ ಸಿಟ್ಟಾದವರು ಬರೆಯುತ್ತಾರೆ. ಪರವಾಗಿಲ್ಲ ಅನಿಸಿದವರು ಸುಮ್ನೆ ಇದ್ದುಬಿಡುತ್ತಾರೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಮುಚ್ನಿಕ್, ಅರಲ್, ಟೇಲರ್ ಅವರ ಪ್ರಯೋಗ ಇನ್ನೊಂದು ವಿಷಯ ತೋರಿಸಿತು. ಒಂದು ಸುದ್ದಿ ತಾಣದಲ್ಲಿ ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ತೆಗೆದುಕೊಂಡು, ಮನಬಂದಂತೆ ಆಯ್ದ ಕೆಲವಕ್ಕೆ ಮೊದಲ ಮೆಚ್ಚುಗೆಯ ಮತವನ್ನು ತಾವೇ ಹಾಕಿದರು. ಅಷ್ಟಕ್ಕೇ ಅವುಗಳ ಕೊನೆಯ ಅಂಕ ಸರಾಸರಿ ಶೇಕಡಾ 25ರಷ್ಟು ಏರಿತು. ಮೊದಲು ಬಂದವನ ಮಾತು ಹಿಂದೆ ಬಂದವರನ್ನು ಎಳೆದುಕೊಂಡು ಹೋಗುತ್ತದೆ. ಗಾಲ್ಟನ್‌ನ ಷರತ್ತು ಇಲ್ಲಿ ಪೂರ್ತಿ ಮುರಿದು ಬೀಳುತ್ತದೆ.

2020ರ ಜೂನ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂದಾಗ ವಿಮರ್ಶಕರ ಸ್ಕೋರ್ 93. ಅದೇ ದಿನ ಸಾವಿರಾರು ಜನ ಸೊನ್ನೆ ಹಾಕಲು ನಿಂತರು. ಆ ದೊಡ್ಡ ಗೇಮನ್ನು ಅಷ್ಟು ಬೇಗ ಆಡಿ ಮುಗಿಸಲು ಸಾಧ್ಯವೇ ಇರಲಿಲ್ಲ. ಮುಂದಿನ ತಿಂಗಳು ಮೆಟಾಕ್ರಿಟಿಕ್ ಹೊಸ ನಿಯಮ ತಂತು: ಗೇಮ್ ಬಂದ 36 ಗಂಟೆಯ ತನಕ ಆಟಗಾರರು ಅಂಕ ಹಾಕುವಂತಿಲ್ಲ.

ಕಾಲದ ಸಮಸ್ಯೆಯೂ ಒಂದಿದೆ. ಇವತ್ತಿನ ಗೇಮ್ ಬಿಡುಗಡೆಯಾದ ದಿನಕ್ಕೆ ನಿಲ್ಲುವುದಿಲ್ಲ. 2016ರ 'ನೋ ಮ್ಯಾನ್ಸ್ ಸ್ಕೈ' ಪ್ಲೇಸ್ಟೇಷನ್ 4ರಲ್ಲಿ 71 ತೆಗೆದುಕೊಂಡಿತ್ತು. ಅದನ್ನು ಮಾಡಿದ ಚಿಕ್ಕ ತಂಡ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಡುತ್ತಾ ಹೋಯಿತು. ಈಗ ಆಡಿದರೆ ಅದು ಬೇರೆಯದೇ ಗೇಮ್. ಮೆಟಾಕ್ರಿಟಿಕ್ ಮಾತ್ರ ಪತ್ರಿಕೆಯೊಂದು ಮೊದಲು ಕೊಟ್ಟ ಅಂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಆ 71 ಅಲ್ಲೇ ಇದೆ.

ಇಷ್ಟೆಲ್ಲ ಹೇಳಿದರೂ ನಾನು ಸ್ಕೋರ್ ನೋಡುವುದನ್ನು ಬಿಟ್ಟಿಲ್ಲ. 90 ಬಂದ ಗೇಮ್‌ಗೂ 60 ಬಂದ ಗೇಮ್‌ಗೂ ವ್ಯತ್ಯಾಸ ನಿಜ, ಅದು ಹೆಚ್ಚುಕಡಿಮೆಯ ಅಂಚನ್ನು ದಾಟಿ ನಿಲ್ಲುತ್ತದೆ. ಆದರೆ ಸರಾಸರಿಗಿಂತ ಅಂಕಗಳು ಹೇಗೆ ಹರಡಿವೆ ಅನ್ನುವುದನ್ನು ಮೊದಲು ನೋಡುತ್ತೇನೆ. 2019ರಲ್ಲಿ ಬಂದ 'ಡೆತ್ ಸ್ಟ್ರ್ಯಾಂಡಿಂಗ್' ತೆಗೆದುಕೊಳ್ಳಿ. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ, ಹೊಳೆ ದಾಟುತ್ತಾ ಊರಿಂದೂರಿಗೆ ಸಾಮಾನು ತಲುಪಿಸುವುದೇ ಅದರಲ್ಲಿ ಮುಖ್ಯ ಕೆಲಸ. ಫಾಮಿತ್ಸುವಿನ ನಾಲ್ವರೂ ಹತ್ತಕ್ಕೆ ಹತ್ತು ಕೊಟ್ಟರು. ಐಜಿಎನ್ 6.8 ಕೊಟ್ಟಿತು. ನಿಧಾನದ ನಡಿಗೆ ಒಬ್ಬರಿಗೆ ಹಿತವಾಗಿತ್ತು, ಇನ್ನೊಬ್ಬರಿಗೆ ಬೇಸರ ತಂದಿತು. ಎರಡು ವಿಮರ್ಶೆಯನ್ನೂ ಓದಿದರೆ, ತನಗೆ ಆ ನಡಿಗೆ ಬೇಕೋ ಬೇಡವೋ ಅಂತ ಯಾರಿಗಾದರೂ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮೆಟಾಕ್ರಿಟಿಕ್‌ನಲ್ಲಿ ಅದರ ಪ್ಲೇಸ್ಟೇಷನ್ 4 ಸ್ಕೋರ್ 82. ಆ ಸಂಖ್ಯೆಯಿಂದ ಇದರಲ್ಲಿ ಏನೂ ತಿಳಿಯುವುದಿಲ್ಲ.