ಬೇಡವೆಂದು ಕರಗಿಸಿದ ನಾಣ್ಯಕ್ಕೇ ಈಗ ಜಾಸ್ತಿ ಬೆಲೆ

1849ರ ಕ್ಯಾಲಿಫೋರ್ನಿಯಾದಲ್ಲಿ ಬರ ಇದ್ದದ್ದು ಚಿನ್ನಕ್ಕಲ್ಲ, ಚಿಲ್ಲರೆಗೆ. ಹಿಂದಿನ ವರ್ಷ ಕೊಲೋಮಾದಲ್ಲಿ ಜೇಮ್ಸ್ ಮಾರ್ಷಲ್ ಕಣ್ಣಿಗೆ ಚಿನ್ನ ಬಿದ್ದಿತ್ತು, ಜನ ಮುಗಿಬಿದ್ದು ಬಂದಿದ್ದರು, ಆದರೆ ಸರ್ಕಾರಿ ಟಂಕಸಾಲೆಗಳೆಲ್ಲ ದೇಶದ ಇನ್ನೊಂದು ತುದಿಯಲ್ಲಿ. ಹೆಂಡದಂಗಡಿಯಲ್ಲಿ ಒಂದು ಚಿಟಿಕೆ ಚಿನ್ನದ ಪುಡಿ ಅಂದರೆ ಒಂದು ಡಾಲರ್. ಚಿಟಿಕೆ ಹಿಡಿಯುತ್ತಿದ್ದವನು ಅಂಗಡಿಯವನು. ದಪ್ಪ ಬೆರಳಿದ್ದವನಿಗೆ ಲಾಭ, ಅಲ್ವಾ?

ಹಾಗಾಗಿ ಖಾಸಗಿಯವರೇ ನಾಣ್ಯ ಅಚ್ಚು ಹಾಕತೊಡಗಿದರು. ಆಗ ಅದಕ್ಕೆ ಅಡ್ಡಿ ಇರಲಿಲ್ಲ, ನಿಷೇಧ ಬಂದದ್ದು 1864ರಲ್ಲಿ. ಮೊಫಾಟ್ ಕಂಪನಿಯ ನಾಣ್ಯವನ್ನು ಜನ ನಂಬಿದರು. ಬಾಲ್ಡ್‌ವಿನ್ ಕಂಪನಿಯ ಕಥೆ ಬೇರೆ. ಅವರ 1850ರ 10 ಡಾಲರ್ ನಾಣ್ಯದ ಮೇಲೆ ಹಗ್ಗ ಬೀಸುವ ಕುದುರೆ ಸವಾರನಿದ್ದಾನೆ, ಆ ಕಾಲದ ನಾಣ್ಯಗಳಲ್ಲೇ ಚೆಂದದ್ದು ಅದು ಅಂತ ನನ್ನ ಲೆಕ್ಕ. 1851ರಲ್ಲಿ ಜೇಮ್ಸ್ ಕಿಂಗ್ ಎಂಬ ಬ್ಯಾಂಕರ್ ಆ ಕಂಪನಿಯ ನಾಣ್ಯಗಳನ್ನು ಪರೀಕ್ಷೆ ಮಾಡಿಸಿದ. ನೂರಕ್ಕೆ ಸುಮಾರು 3ರಷ್ಟು ಚಿನ್ನ ಕಡಿಮೆ! ಸುದ್ದಿ ಪತ್ರಿಕೆಗೆ ಬಂತು, ಯಾರೂ ಅವನ್ನು ಮುಟ್ಟದಾದರು, ರಾಶಿ ರಾಶಿ ಕರಗಿಸಿಬಿಟ್ಟರು. ಉಳಿದದ್ದು ಬಹಳ ಕಮ್ಮಿ. ಸಂಗ್ರಹಕಾರರು ಇವತ್ತು ಪೈಪೋಟಿ ಬೀಳುವುದು ಇದಕ್ಕೇ.

ಅದೇ ವರ್ಷ ಸರ್ಕಾರದ ಚಿನ್ನಪರೀಕ್ಷಕ ಆಗಸ್ಟಸ್ ಹಂಬರ್ಟ್ 50 ಡಾಲರಿನ ಎಂಟು ಮೂಲೆಯ ದೊಡ್ಡ ಬಿಲ್ಲೆ ಹೊರತಂದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಂಕಸಾಲೆ ತೆರೆದದ್ದು 1854ರಲ್ಲಿ. ಖಾಸಗಿ ನಾಣ್ಯಗಳು ಮತ್ತೆ ಮೂಸೆ ಸೇರಿದವು. ಆ ಟಂಕಸಾಲೆ ಮೊದಲ ವರ್ಷ ಅಚ್ಚು ಹಾಕಿದ 5 ಡಾಲರ್ ನಾಣ್ಯಗಳು ಬರೀ 268. ಈಗ ಬೆರಳೆಣಿಕೆಯಷ್ಟು ಉಳಿದಿವೆ. 2018ರಲ್ಲಿ ಹೊಸದಾಗಿ ಒಂದು ಪತ್ತೆಯಾಯಿತು. ಅಲ್ಲಿಯವರೆಗೆ ಅದನ್ನು ನಕಲಿ ಅಂತಲೇ ಅಂದುಕೊಂಡಿದ್ದರಂತೆ, ಹರಾಜಿನಲ್ಲಿ ಅದು 20 ಲಕ್ಷ ಡಾಲರ್ ದಾಟಿತು.

ಇದಕ್ಕೆ ಉಲ್ಟಾ ಕಥೆಯೂ ಇದೆ. 1857ರಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತಿದ್ದ ಎಸ್.ಎಸ್. ಸೆಂಟ್ರಲ್ ಅಮೆರಿಕ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿ 400ಕ್ಕೂ ಹೆಚ್ಚು ಜನ ಸತ್ತರು. 1988ರಲ್ಲಿ, 2 ಕಿಲೋಮೀಟರಿಗೂ ಆಳದಲ್ಲಿ ಹಡಗು ಸಿಕ್ಕಿತು. ಒಳಗೆ ಹಡಗು ಮುಳುಗಿದ 1857ರದೇ 20 ಡಾಲರ್ ನಾಣ್ಯಗಳು ಸಾವಿರಾರು, ಅದೂ ಹೊಳೆಯುತ್ತಾ. ಚೆನ್ನಾಗಿ ಉಳಿದಿದ್ದ ಆ ವರ್ಷದ ನಾಣ್ಯ ಅಲ್ಲಿಯವರೆಗೆ ಅಪರೂಪ, ಆಮೇಲೆ ಹಾಗಲ್ಲ.

ಸಂಗ್ರಹಕ್ಕೆ ಇಳಿಯುವ ಹೊಸಬರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಕಾಲು, ಅರ್ಧ ಡಾಲರಿನ ಪುಟಾಣಿ ಚಿನ್ನದ ನಾಣ್ಯಗಳಿಂದ ಶುರು ಮಾಡುತ್ತಾರೆ. ಮೋಸ ಹೋಗುವುದೂ ಅಲ್ಲೇ. ಕರಡಿ ಚಿತ್ರ ಇದ್ದು, ಡಾಲರ್, ಸೆಂಟ್ ಅಂತ ಮುಖಬೆಲೆಯೇ ಕಾಣದಿದ್ದರೆ ಅದು ಆಮೇಲೆ ನೆನಪಿಗೆಂದು ಮಾಡಿದ ಬಿಲ್ಲೆ. ಸುಮ್ನೆ ಕೆಳಗಿಟ್ಟುಬಿಡಿ.