ಕೆಂಪು ಚುಕ್ಕಿ ನೋಡಿ ಕಂಪ್ಯೂಟರ್ ತಗೋಬೇಡಿ

ಜೂನ್ ಎರಡನೇ ವಾರ. ಬೆಳಗ್ಗೆ ಹತ್ತಕ್ಕೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಮೂರ್ನಾಲ್ಕು ಹುಡುಗರು ಆಗಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಕಣ್ಣು ಕೆಂಪಗಾಗಿರುತ್ತವೆ. ಲಾಸ್ ಏಂಜಲಿಸ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಶುರುವಾಗುವ ಸಮ್ಮರ್ ಗೇಮ್ ಫೆಸ್ಟ್, ಅಂದರೆ ಬರಲಿರುವ ವಿಡಿಯೋ ಗೇಮ್‌ಗಳನ್ನು ತೋರಿಸುವ ಕಾರ್ಯಕ್ರಮ, ಕಲಬುರಗಿಯವರಿಗೆ ರಾತ್ರಿ ಎರಡೂವರೆಗೆ ಬರುತ್ತದೆ. ಹಾಸ್ಟೆಲ್‌ನಲ್ಲಿ ಒಂದು ಫೋನಿನ ಸುತ್ತ ಆರು ಜನ ಮುತ್ತಿಕೊಂಡು ನೋಡಿರುತ್ತಾರೆ. ನಿದ್ದೆ ಮಾಡದೆ ನೇರ ನನ್ನ ಹತ್ತಿರ ಬಂದಿರುತ್ತಾರೆ.

“ಅಣ್ಣಾ, ರಾತ್ರಿ ಲೈವ್ ನೋಡೀವ್ರಿ. ಏನ್ ಗ್ರಾಫಿಕ್ಸ್ ಅದ ಅಣ್ಣಾ! ಅದು ಓಡೋ ಮಷಿನ್ ಎಷ್ಟಕ್ಕ ಆಗ್ತದ?”

ಈ ಊರಲ್ಲಿ ಕಂಪ್ಯೂಟರ್ ಜೋಡಿಸುವ, ರಿಪೇರಿ ಮಾಡುವ ಕೆಲಸಕ್ಕೆ ಕೂತು ನನಗೆ ಹದಿನೇಳು ವರ್ಷ ಆಯಿತು. ಈ ಹುಡುಗರನ್ನು ಕಂಡರೆ ನನಗೆ ಪ್ರೀತಿ. ಆದರೆ ‘ಲೈವ್’ ಅನ್ನುವ ಆ ಒಂದು ಮಾತು ಕೇಳಿದರೆ ತಾಳ್ಮೆ ಹೋಗುತ್ತದೆ. ಪ್ರತಿ ವರ್ಷ ಅದೇ ಮಾತು. ಆ ಮಾತಿನ ಮೇಲೆ ಮೂವತ್ತು ಸಾವಿರ, ಐವತ್ತು ಸಾವಿರ ರೂಪಾಯಿ ಕೈ ಬದಲಾಗುತ್ತದೆ. ಹಾಗಾಗಿ ಇವತ್ತು ಬೇರೆ ಏನೂ ಬರೆಯುತ್ತಿಲ್ಲ. ಪ್ರೊಸೆಸರ್ ಯಾವುದು, ಎಸ್‌ಎಂಪಿಎಸ್ ಎಷ್ಟು ವ್ಯಾಟ್ ಬೇಕು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಯೂಟ್ಯೂಬ್‌ನಲ್ಲಿ ವಿಡಿಯೋ ಕೆಳಗೆ ಕೆಂಪು ಚುಕ್ಕಿ, ಪಕ್ಕದಲ್ಲಿ ‘ಲೈವ್’ ಎಂದು ಇತ್ತು, ಅಲ್ವಾ? ಅದರ ಅರ್ಥ ಇಷ್ಟೇ: ಪ್ರಸಾರ ಈಗ ನಡೆಯುತ್ತಿದೆ. ತೋರಿಸುತ್ತಿರುವುದು ಈಗ ನಡೆಯುತ್ತಿದೆ ಎಂದಲ್ಲ. ಹೋದ ವರ್ಷದ ಮದುವೆಯ ವಿಡಿಯೋವನ್ನು ಇವತ್ತು ಸಂಜೆ ಆರಕ್ಕೆ ನೆಂಟರನ್ನೆಲ್ಲ ಕೂಡಿಸಿ ಟಿವಿಗೆ ಹಾಕುತ್ತೀರಿ. ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಒಟ್ಟಿಗೆ ನಗುತ್ತಾರೆ. ಅಷ್ಟಕ್ಕೆ ಮದುವೆ ಇವತ್ತು ಆರಕ್ಕೆ ಆಯಿತು ಅನ್ನುತ್ತೀರಾ? ಗೇಮ್ ಕಂಪನಿ ನಿಂಟೆಂಡೊದ ಡೈರೆಕ್ಟ್, ಸೋನಿಯ ಸ್ಟೇಟ್ ಆಫ್ ಪ್ಲೇ ಎಂಬ ಶೋಗಳು, ಇವೆಲ್ಲ ಮೊದಲೇ ರೆಕಾರ್ಡ್ ಮಾಡಿ, ಎಡಿಟ್ ಮಾಡಿ, ಸಂಗೀತ ಕೂಡಿಸಿ ಇಟ್ಟ ವಿಡಿಯೋಗಳು. ಸಮ್ಮರ್ ಗೇಮ್ ಫೆಸ್ಟ್‌ನಲ್ಲಿ ನಿರೂಪಕ ವೇದಿಕೆ ಮೇಲೆ ನಿಂತಿರುವುದು ಆ ಕ್ಷಣದ್ದೇ. ಆದರೆ ಆತನ ಬೆನ್ನ ಹಿಂದಿನ ಪರದೆಗೆ ಬರುವ ಟ್ರೇಲರ್ ಎಂದೋ ತಯಾರಾದದ್ದು.

ಇಷ್ಟು ಹೇಳಿದರೆ ಹುಡುಗರು ತಲೆ ಆಡಿಸುತ್ತಾರೆ. ಆಡಿಸಿ, “ಆದ್ರೂ ಅಣ್ಣಾ, ಎಷ್ಟು ಸ್ಮೂತ್ ಓಡ್ತಿತ್ತು ನೋಡ್ರಿ” ಅನ್ನುತ್ತಾರೆ. ಅಂದರೆ ತಲೆಗೆ ಹೋಗಿಲ್ಲ. ಅದಕ್ಕೇ ಇನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಡಿಯೋ ಅಂದರೆ ಸಾಲಾಗಿ ಜೋಡಿಸಿಟ್ಟ ಚಿತ್ರಗಳು. ನಿಮ್ಮ ಹತ್ತು ಸಾವಿರದ ಫೋನ್ ಆ ಚಿತ್ರಗಳನ್ನು ಒಂದಾದ ಮೇಲೆ ಒಂದು ತೋರಿಸುತ್ತದೆ, ಅಷ್ಟೇ. ಅದರಲ್ಲಿ ಒಂದೊಂದು ಚಿತ್ರ ತಯಾರಿಸಲು ಅಲ್ಲಿನ ಮಷಿನ್ ಒಂದು ತಾಸು ತೆಗೆದುಕೊಂಡಿದ್ದರೂ ನಿಮ್ಮ ಫೋನಿನಲ್ಲಿ ಅದು ನೀರಿನ ಹಾಗೆ ಹರಿಯುತ್ತದೆ. ಗೇಮ್ ಹಾಗಲ್ಲ. ಗೇಮ್‌ನಲ್ಲಿ ಮುಂದಿನ ಚಿತ್ರ ಇನ್ನೂ ಹುಟ್ಟಿಯೇ ಇಲ್ಲ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಅದಕ್ಕೆ ಗೊತ್ತಿಲ್ಲ. ನೀವು ಬಟನ್ ಒತ್ತಿದ ಮೇಲೆ ಮಷಿನ್ ಆ ಚಿತ್ರವನ್ನು ಹೊಸದಾಗಿ ಬರೆಯಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ನೆರಳು, ಹೊಗೆ, ನೀರು, ನಿಮ್ಮ ಎದುರಿಗೆ ಓಡುವ ಹತ್ತು ಜನ, ಎಲ್ಲ ಮುಗಿಯಬೇಕು. ಮುಗಿಯಲಿಲ್ಲ ಅಂದರೆ ತಡವರಿಸುತ್ತದೆ. ಇದು ಮೇ ತಿಂಗಳ ಕಲಬುರಗಿಯಲ್ಲಿ, 42 ಡಿಗ್ರಿ ಬಿಸಿಲಲ್ಲಿ, ಫ್ಯಾನ್ ಮಾತ್ರ ಇರುವ ರೂಮಿನಲ್ಲಿ ನಡೆಯಬೇಕು. ಈ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಟ್ರೇಲರ್‌ಗೆ ಬಿಸಿಲು ತಟ್ಟಲ್ಲ.

ಸುಮಾರು ಎಂಟು ವರ್ಷದ ಹಿಂದಿನ ಮಾತು. ಜೇವರ್ಗಿ ಕಡೆಯ ಒಬ್ಬ ರೈತರು ಮಗನನ್ನು ಕರೆದುಕೊಂಡು ಬಂದಿದ್ದರು. ತೊಗರಿ ಮಾರಿದ ದುಡ್ಡು. ಮಗನಿಗೆ ಬರಲಿರುವ ಒಂದು ಗೇಮ್ ಮೇಲೆ ಜೀವ. ಫೋನಿನಲ್ಲಿ ಟ್ರೇಲರ್ ತೋರಿಸಿದ, ನಾನೂ ಹೌದೌದು ಅಂದೆ, ಅದಕ್ಕೆ ಸರಿಹೋಗಬಹುದು ಎಂದು ಒಂದು ಕಾರ್ಡ್ ತೆಗೆದಿಟ್ಟೆ. ಆ ಹಿರಿಯರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಆಮೇಲೆ ಕೇಳಿದರು:

“ಇದನ್ನ ಯಾರರ ಆಡಿ ನೋಡ್ಯಾರೇನ್ರಿ?”

ಇನ್ನೂ ಬಿಡುಗಡೆ ಆಗಿಲ್ಲ, ವಿಡಿಯೋ ಬಂದಿದೆ ಅಂದೆ.

“ಸಂತ್ಯಾಗ ಎತ್ತು ತಗೋಬೇಕಾದ್ರ ಬಾಯಿ ತೆಗದು ಹಲ್ಲು ಎಣಿಸ್ತೀವ್ರಿ. ನಾಕ್ ಹೆಜ್ಜಿ ನಡಸ್ತೀವಿ. ನೊಗಕ್ಕ ಹೂಡಿ ನೋಡ್ತೀವಿ. ಇದು ಎತ್ತಿನ ಫೋಟೋ ತೋರ್ಸಿ ರೊಕ್ಕ ಕೇಳ್ದಂಗಾಯ್ತಲ್ಲ.”

ಹೀಗೆ ಹೇಳಿ ಮಗನ ಮುಖ ನೋಡಿದರು. ಸುಮ್ನೆ ದುಡ್ಡು ಎಣಿಸಿ ಕೊಟ್ಟರು. ನಾಲ್ಕೈದು ತಿಂಗಳ ಮೇಲೆ ಗೇಮ್ ಬಂತು. ಆ ಕಾರ್ಡಿನ ಮೇಲೆ ಎಲ್ಲ ಸೆಟ್ಟಿಂಗ್ ಇಳಿಸಿದರೂ ತಡವರಿಸುತ್ತಿತ್ತು. ಹುಡುಗ ಎರಡು ಸಲ ಬಂದ. ನಾನು ಡ್ರೈವರ್ ಹಾಕಿ ನೋಡಿದೆ, ಧೂಳು ತೆಗೆದು ನೋಡಿದೆ. ಮೂರನೇ ಸಲ ಅವನು ಬರಲಿಲ್ಲ. ಆ ತಂದೆ ಕೇಳಿದ ಪ್ರಶ್ನೆಯನ್ನು ನಾನು ಅವತ್ತೇ ಕೇಳಬೇಕಾಗಿತ್ತು. ಅದು ನನ್ನ ಕೆಲಸವಾಗಿತ್ತು. ಅಲ್ಲಿಂದೀಚೆಗೆ ಬಿಡುಗಡೆ ಆಗದ ಗೇಮ್ ಹೆಸರು ಹೇಳಿ ಕಾರ್ಡ್ ಕೇಳಿದರೆ, ‘ಅದು ಇದರ ಮೇಲೆ ಓಡುತ್ತದೆ’ ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಯಾರು ಎಷ್ಟೇ ಒತ್ತಾಯ ಮಾಡಲಿ.

ಹಾಗಾದರೆ ಹಳೆಯ ಕಾಲದ ದೊಡ್ಡ ಮೇಳಗಳೇ ಚೆನ್ನಾಗಿದ್ದವಾ ಎಂದು ಕೇಳುತ್ತಾರೆ. ಅರ್ಧ ಹೌದು. ಇ3 ಎಂಬ ಗೇಮ್ ಮೇಳ 1995ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾಯಿತು. ಜನ ಸೇರಿ ನಡೆದ ಕೊನೆಯ ಇ3 2019ರದ್ದು. 2020ರಲ್ಲಿ ಕೊರೊನಾದಿಂದ ನಿಂತಿತು, 2021ರಲ್ಲಿ ಬರೀ ಆನ್‌ಲೈನ್ ನಡೆಯಿತು, ಮುಂದಿನ ಎರಡು ವರ್ಷ ರದ್ದಾಯಿತು. 2023ರ ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಮುಚ್ಚಿದೆವು ಎಂದು ಹೇಳಿಬಿಟ್ಟರು. ಆದರೆ ಕೊರೊನಾ ಒಂದೇ ಕಾರಣ ಅಲ್ಲ. ನಿಂಟೆಂಡೊ 2011ರಲ್ಲೇ ಡೈರೆಕ್ಟ್ ಶುರು ಮಾಡಿತ್ತು, 2013ರಿಂದ ಇ3ಯ ದೊಡ್ಡ ವೇದಿಕೆ ಕಾರ್ಯಕ್ರಮವನ್ನೇ ಬಿಟ್ಟಿತು. ಸೋನಿ 2019ರ ಇ3ಗೆ ಹೋಗಲೇ ಇಲ್ಲ. ಕಂಪನಿಗಳ ಲೆಕ್ಕ ಸರಳ. ವಿಡಿಯೋದಲ್ಲಿ ಮಾತು ತಪ್ಪಲ್ಲ, ಮಷಿನ್ ಕೈಕೊಡಲ್ಲ, ಸ್ಟಾಲ್ ಬಾಡಿಗೆ ಇಲ್ಲ. ನಡುವೆ ಯಾರೂ ಇಲ್ಲದೆ ನೇರ ನಿಮ್ಮ ಫೋನಿಗೆ ಬರಬಹುದು.

ಇದನ್ನು ನಾನು ತಪ್ಪು ಅನ್ನುವುದಿಲ್ಲ. ಇ3ಗೆ ಸಾಮಾನ್ಯ ಜನರಿಗೆ ಟಿಕೆಟ್ ಮಾರಲು ಶುರು ಮಾಡಿದ್ದೇ 2017ರಲ್ಲಿ, ಅದೂ 15 ಸಾವಿರ ಟಿಕೆಟ್. ಅಲ್ಲಿಗೆ ಹೋಗುವ ಭಾಗ್ಯ ಚಿತ್ತಾಪುರದ ಹುಡುಗನಿಗೆ ಯಾವತ್ತೂ ಇರಲಿಲ್ಲ. ಇವತ್ತು ಆತ ಟೋಕಿಯೊದವನ ಜೊತೆಗೇ, ಅದೇ ನಿಮಿಷಕ್ಕೆ ನೋಡುತ್ತಾನೆ. ಇದು ಸಣ್ಣ ಮಾತಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು ಮಾಡಿದ ‘ರಾಜಿ’ ಗೇಮ್ ಕೂಡ 2020ರ ಆಗಸ್ಟ್‌ನಲ್ಲಿ ನಿಂಟೆಂಡೊದ ಇಂಥದೇ ಒಂದು ವಿಡಿಯೋ ಶೋನಲ್ಲಿ ಬಂದು, ಅದೇ ದಿನ ನಿಂಟೆಂಡೊದ ಸ್ವಿಚ್ ಎಂಬ ಗೇಮ್ ಮಷಿನ್‌ನಲ್ಲಿ ಬಿಡುಗಡೆ ಆಯಿತು. ನನಗೆ ಅವತ್ತು ಆದ ಸಂತೋಷ ಹೇಳತೀರದು.

ಆದರೆ ಮೇಳದಲ್ಲಿ ಇದ್ದ ಒಂದು ವಸ್ತು ವಿಡಿಯೋದಲ್ಲಿ ಇಲ್ಲ. 2015ರ ಇ3ಯಲ್ಲಿ ಸೋನಿ ‘ಅನ್‌ಚಾರ್ಟೆಡ್ 4’ ಗೇಮ್ ಆಡಿ ತೋರಿಸಲು ಹೊರಟಿತು. ನಾಯಕ ಜನಜಂಗುಳಿಯ ನಡುವೆ ನಿಂತವನು ನಿಂತೇ ಇದ್ದ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೆಲಸ ಮಾಡುತ್ತಿರಲಿಲ್ಲ. ಇಡೀ ಸಭೆಯ ಎದುರು ಮತ್ತೆ ಮೊದಲಿಂದ ಶುರು ಮಾಡಿದರು. ಜನ ಅದನ್ನು ಮುಜುಗರ ಅಂದರು. ನಾನು ಅದನ್ನು ಇವತ್ತಿಗೂ ಹುಡುಗರಿಗೆ ತೋರಿಸುತ್ತೇನೆ. ನಿಂತುಹೋಗಿದ್ದರಿಂದಲೇ ಗೊತ್ತಾಯಿತು, ಅಲ್ಲಿ ಯಾರೋ ನಿಜವಾಗಿ ಆಡುತ್ತಿದ್ದರು.

ಹಾಗಂತ ವೇದಿಕೆ ಮೇಲೆ ಬಂದದ್ದೆಲ್ಲ ನಿಜ ಎಂದೂ ತಿಳಿಯಬೇಡಿ. 2005ರ ಇ3ಯಲ್ಲಿ ತೋರಿಸಿದ ‘ಕಿಲ್‌ಜೋನ್ 2’ ಟ್ರೇಲರ್ ಮೊದಲೇ ತಯಾರಿಸಿಟ್ಟ ಅನಿಮೇಷನ್ ಆಗಿತ್ತು. ಗೇಮ್ ಬಂದದ್ದು 2009ರಲ್ಲಿ. 2012ರಲ್ಲಿ ‘ವಾಚ್ ಡಾಗ್ಸ್’ ತೋರಿಸಿದಾಗ ಮಳೆ, ಬೆಳಕು ನೋಡಿ ಎಲ್ಲರೂ ಬಾಯಿ ಬಿಟ್ಟರು. 2014ರಲ್ಲಿ ಗೇಮ್ ಕೈಗೆ ಬಂದಾಗ ಅದು ಮಂಕಾಗಿದೆ ಎಂದು ಜಗಳವೇ ಆಯಿತು. ಇದರಲ್ಲಿ ಮೋಸ ಎಷ್ಟು, ಮಾಡುತ್ತಾ ಮಾಡುತ್ತಾ ಬದಲಾದದ್ದು ಎಷ್ಟು ಎಂದು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಗೇಮ್ ಮಾಡುವುದು ಕಷ್ಟದ ಕೆಲಸ. ನಾನು ನೋಡುವುದು ಒಂದೇ: ಕಂಟ್ರೋಲರ್ ಯಾರ ಕೈಯಲ್ಲಿ ಇತ್ತು? ಕಂಪನಿಯವರ ಕೈಯಲ್ಲೋ, ನಿಮ್ಮಂಥವರ ಕೈಯಲ್ಲೋ?

ಇನ್ನೊಂದು, ಮೇಳದಲ್ಲಿ ಎದ್ದು ನಿಂತು ಕೇಳಬಹುದು. 2018ರಲ್ಲಿ ಬ್ಲಿಜರ್ಡ್ ಕಂಪನಿಯ ಬ್ಲಿಜ್‌ಕಾನ್ ಮೇಳದಲ್ಲಿ ‘ಡಯಾಬ್ಲೊ ಇಮ್ಮಾರ್ಟಲ್’ ಗೇಮ್ ಮೊಬೈಲಿಗೆ ಬರುತ್ತದೆ ಎಂದು ಘೋಷಿಸಿದರು. ಪ್ರಶ್ನೋತ್ತರದಲ್ಲಿ ಪಿಸಿಗೆ, ಅಂದರೆ ಕಂಪ್ಯೂಟರಿಗೆ, ಬರುತ್ತದಾ ಎಂಬ ಮಾತು ಬಂತು. ಅಂಥ ಯೋಜನೆ ಇಲ್ಲ ಅಂದರು. ಸಭೆ ಅಲ್ಲೇ ಕೂಗಿ ಬೇಸರ ತೋರಿಸಿತು. 2022ರಲ್ಲಿ ಅದು ಪಿಸಿಗೂ ಬಂತು. ಸಭೆಯ ಕೂಗಿನಿಂದಲೇ ಬಂತು ಅನ್ನಲಾರೆ. ಆದರೆ ಪ್ರಶ್ನೆಗೆ ಅವತ್ತೇ, ಎಲ್ಲರ ಮುಂದೆ ಉತ್ತರ ಸಿಕ್ಕಿತು. ರೆಕಾರ್ಡ್ ಆದ ವಿಡಿಯೋಗೆ ನೀವು ಏನು ಕೇಳುತ್ತೀರಿ?

ಪಿಸಿ ಮಾತು ಯಾಕೆ ತೆಗೆದೆ ಅಂದರೆ, 2025ರ ಮೇ 6ರಂದು ‘ಜಿಟಿಎ 6’ ಗೇಮಿನ ಎರಡನೇ ಟ್ರೇಲರ್ ಬಂತು. ಅದಾದ ಮೂರನೇ ದಿನ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ ಬಂದ. ಬಜೆಟ್ ಒಂದು ಲಕ್ಷ ಇಪ್ಪತ್ತು ಸಾವಿರ. ಅರ್ಧ ಚಿಟ್ ಫಂಡ್ ದುಡ್ಡು, ಅರ್ಧ ಅಕ್ಕ ಕೊಟ್ಟದ್ದು. ಜಿಟಿಎ 6 ಆಡುವ ಪಿಸಿ ಬೇಕು ಅಂದ. ಟ್ರೇಲರ್ ಹಾಕು ಅಂದೆ. ಕೊನೆಯ ತನಕ ನೋಡಿದೆವು. ಅಲ್ಲಿ ಬರೆದದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್, ಎರಡೂ ಟಿವಿಗೆ ಜೋಡಿಸುವ ಗೇಮ್ ಮಷಿನ್‌ಗಳು. ಪಿಸಿ ಎಂಬ ಅಕ್ಷರವೇ ಇಲ್ಲ. ಅವನು ಆ ಟ್ರೇಲರನ್ನು ನಲವತ್ತು ಸಲ ನೋಡಿದ್ದನಂತೆ. ಕೊನೆಯ ಐದು ಸೆಕೆಂಡ್ ಮಾತ್ರ ಯಾವತ್ತೂ ನೋಡಿರಲಿಲ್ಲ. ಮೊದಲ ಟ್ರೇಲರ್‌ನಲ್ಲಿ 2025 ಎಂದಿದ್ದ ಬಿಡುಗಡೆ ಆಗಲೇ 2026ರ ಮೇಗೆ ಹೋಗಿತ್ತು, ಆಮೇಲೆ ಇನ್ನೂ ಮುಂದಕ್ಕೆ ನವೆಂಬರಿಗೆ ಹೋಯಿತು. ನಾನು ಅವನಿಗೆ ಪಿಸಿ ಮಾರಲಿಲ್ಲ. ಓದಿಗೆ ಬೇಕಾದರೆ ಒಂದು ಲ್ಯಾಪ್‌ಟಾಪ್ ತಗೋ, ಉಳಿದದ್ದು ಅಕ್ಕನಿಗೆ ಕೊಡು ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದ.

ಹಾಗಾಗಿ ಟ್ರೇಲರಿನ ಸಣ್ಣ ಅಕ್ಷರ ಓದಿ. ‘ನಾಟ್ ಆಕ್ಚುಯಲ್ ಗೇಮ್‌ಪ್ಲೇ’ ಅಂದರೆ ಅದು ಆಟವಲ್ಲ, ಸಿನಿಮಾ. ‘ಇನ್-ಎಂಜಿನ್’ ಅಂದರೆ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲೇ ತಯಾರಿಸಿದ್ದು, ಆದರೆ ಯಾರಾದರೂ ಆಡುತ್ತಿದ್ದರು ಎಂದು ಅರ್ಥವಲ್ಲ. ಇದನ್ನೇ ಜಾಸ್ತಿ ಜನ ತಪ್ಪು ತಿಳಿಯುತ್ತಾರೆ. ‘ಕ್ಯಾಪ್ಚರ್ಡ್ ಆನ್ ಪಿಎಸ್5’ ಅಂದರೆ ಆ ಮಷಿನ್ ಮೇಲೆ ಓಡಿಸಿ ತೆಗೆದದ್ದು. ಅದು ಒಳ್ಳೆಯ ಮಾತೇ, ಆದರೆ ನಿಮ್ಮ ಪಿಸಿ ಬಗ್ಗೆ ಏನೂ ಹೇಳುವುದಿಲ್ಲ.

ಕೈಯಲ್ಲಿ ಹಿಡಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಜರ್ಮನಿಯ ಗೇಮ್ಸ್‌ಕಾಮ್ ಮೇಳ ದೂರ. ಹೈದರಾಬಾದ್ ದೂರವಲ್ಲ. 2023ರ ನವೆಂಬರ್‌ನಲ್ಲಿ ಅಲ್ಲಿ ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ನಡೆದಾಗ ನಮ್ಮ ಹುಡುಗನೊಬ್ಬ ರೈಲು ಹತ್ತಿ ಹೋಗಿ ಬಂದ. ವಾಪಸ್ ಬಂದವನು ಗ್ರಾಫಿಕ್ಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. “ಅಣ್ಣಾ, ನಾ ಆಡ್ತಿದ್ರ ಅದನ್ನ ಮಾಡ್ದವರು ನನ್ ಹಿಂದೇ ನಿಂತಿದ್ರು. ಆ ಬಾಗಿಲ ಬಿಟ್ಟು ಈ ಕಡಿ ಯಾಕ ಹೋದಿ ಅಂತ ಕೇಳಿ ಬರ್ಕೊಂಡ್ರು” ಅಂದ. ಅದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಹೋಗಲು ಆಗದವರಿಗೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನೆಕ್ಸ್ಟ್ ಫೆಸ್ಟ್ ಇದೆ. ವರ್ಷಕ್ಕೆ ಮೂರು ಸಲ, ಸಾಮಾನ್ಯವಾಗಿ ಫೆಬ್ರವರಿ, ಜೂನ್, ಅಕ್ಟೋಬರ್‌ನಲ್ಲಿ, ಬರಲಿರುವ ನೂರಾರು ಗೇಮ್‌ಗಳ ಡೆಮೊ, ಅಂದರೆ ಆಡಿ ನೋಡುವ ತುಣುಕು, ಪುಕ್ಕಟೆ ಸಿಗುತ್ತದೆ. ಜೂನ್ ಹಬ್ಬದ ಟ್ರೇಲರ್ ನೋಡಿದ ರಾತ್ರಿಯೇ ಅದರ ಡೆಮೊ ಇದೆಯಾ ಎಂದು ಹುಡುಕಿ. ಡೆಮೊ ಇಲ್ಲವಾದರೆ ಬಿಡುಗಡೆ ತನಕ ಕಾಯಿರಿ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ನಾನು ಮಾರಿದ ಕಾರ್ಡಿಗೆ ಅಂಥ ಸೌಲಭ್ಯ ಇಲ್ಲ. ಸೀಲ್ ಒಡೆದ ಕಾರ್ಡನ್ನು ನನ್ನಿಂದ ಡೀಲರ್ ವಾಪಸ್ ತಗೋಳಲ್ಲ.

ಹೋದ ಅಕ್ಟೋಬರ್‌ನಲ್ಲಿ ಶಹಾಬಾದ್‌ನಿಂದ ಒಬ್ಬ ಹುಡುಗ ತನ್ನ ಸಿಪಿಯು ಡಬ್ಬವನ್ನೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ. ಹೊಸ ಕಾರ್ಡ್ ಹಾಕಿಸಲು ಇಪ್ಪತ್ತೆಂಟು ಸಾವಿರ ತಂದಿದ್ದ. ಅಂಗಡಿಯ ವೈಫೈನಲ್ಲಿ ಅವನಿಗೆ ಬೇಕಾದ ಗೇಮಿನ ಡೆಮೊ ಇಳಿಸಿ ಅವನ ಮಷಿನ್ ಮೇಲೇ ಓಡಿಸಿದೆವು. ಮುಕ್ಕಾಲು ಗಂಟೆ ಆಡಿದ. ತಡವರಿಸುತ್ತಿದ್ದದ್ದು ಕಾರ್ಡ್ ಅಲ್ಲ, ಮೆಮೊರಿ ಸಾಲುತ್ತಿರಲಿಲ್ಲ. ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿದೆ, ಮತ್ತೆ ಹದಿನೈದು ನಿಮಿಷ ಆಡಿದ, ಸರಾಗವಾಗಿ ಓಡಿತು. ರ‍್ಯಾಮ್ ದುಡ್ಡು ಕೊಟ್ಟು, ಉಳಿದದ್ದನ್ನು ಅಲ್ಲೇ ನಿಂತು ಫೋನ್‌ಪೇನಲ್ಲಿ ಅಪ್ಪನಿಗೆ ವಾಪಸ್ ಹಾಕಿದ. ಹಾಕಿ ನನಗೆ ಸ್ಕ್ರೀನ್ ತೋರಿಸಿದ. ಆಮೇಲೆ ಡಬ್ಬವನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟ.