ಖರೀದಿ ಚಟ: ಕಾಯಿಲೆಯ ಪಟ್ಟಿಯಲ್ಲಿ ಇನ್ನೂ ಅರ್ಧ ಜಾಗ

ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟ್‌ನ ಗೇಟಿಗೆ ಹೋದರೂ ಸೆಕ್ಯುರಿಟಿಯವರ ಮೇಜಿನ ಸುತ್ತ ಪಾರ್ಸೆಲ್ ರಾಶಿ. ಅಷ್ಟಕ್ಕೇ ಯಾರಿಗೂ ಚಟ ಅಂತ ಹಣೆಪಟ್ಟಿ ಹಚ್ಚುವಂತಿಲ್ಲ. ಚಿಕ್ಕಪೇಟೆಗೆ ಹೋಗಿ ಒಂದು ಸೀರೆ ಅಂದುಕೊಂಡು ನಾಲ್ಕು ತರುವವರು ಹಿಂದೆಯೂ ಇದ್ದರು, ಅಲ್ವಾ? ಮನೆಗೆ ಬಂದ ಪೆಟ್ಟಿಗೆಗಳು ಬಿಚ್ಚದೆ ಬೀರುವಿನ ಹಿಂದೆ ಸೇರತೊಡಗಿದರೆ, ಬಿಲ್ ಮುಚ್ಚಿಡಲು ಸುಳ್ಳು ಶುರುವಾದರೆ, ಅದು ಬೇರೆ ಮಾತು.

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಈ ಖರೀದಿ ಚಟವನ್ನು 'ಒನಿಯೊಮೇನಿಯಾ', ಅಂದರೆ ಕೊಳ್ಳುವ ಹುಚ್ಚು, ಎಂದು ಗುರುತಿಸಿದ್ದರು. ಆಮೇಲೆ ದಶಕಗಟ್ಟಲೆ ಹೆಚ್ಚಿನವರು ಇತ್ತ ತಿರುಗಿ ನೋಡಲಿಲ್ಲ. ಅಮೆರಿಕದಲ್ಲಿ 1992ರಲ್ಲಿ ಸಂಶೋಧಕರಾದ ಫೇಬರ್ ಮತ್ತು ಓಗಿನ್ ಇದನ್ನು ಅಳೆಯಲು ಏಳು ಪ್ರಶ್ನೆಗಳ ಅಳತೆಗೋಲು ತಂದರು. 1994ರಲ್ಲಿ ಮನೋವೈದ್ಯೆ ಸೂಸನ್ ಮೆಕೆಲ್‌ರಾಯ್ ತಂಡ ಲಕ್ಷಣಗಳನ್ನು ಬರೆದಿಟ್ಟಿತು: ತಡೆಯಲಾಗದ ತುಡಿತ, ಕೈಮೀರಿದ ಅಥವಾ ಬೇಡದ ಖರೀದಿ, ಅದರಿಂದ ದುಡ್ಡು, ಕೆಲಸ, ಸಂಸಾರಕ್ಕೆ ಪೆಟ್ಟು. ಜೊತೆಗೆ ಒಂದು ಮುಖ್ಯ ಷರತ್ತು. ಬೈಪೋಲಾರ್ (ಮನಸ್ಸು ಉನ್ಮಾದ, ಖಿನ್ನತೆಗಳ ನಡುವೆ ಹೊಯ್ದಾಡುವ ಕಾಯಿಲೆ) ಇರುವವರು ಉನ್ಮಾದದ ದಿನಗಳಲ್ಲಿ ನಿದ್ದೆ ಕಮ್ಮಿಯಾಗಿ, ಮಾತು ಜಾಸ್ತಿಯಾಗಿ, ದುಡ್ಡು ಚೆಲ್ಲುವುದುಂಟು. ಖರೀದಿ ಆ ದಿನಗಳಿಗಷ್ಟೇ ಸೀಮಿತವಾಗಿದ್ದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಪ್ರಕಾರ ಈ ಷರತ್ತೇ ಎಲ್ಲಕ್ಕಿಂತ ಉಪಯುಕ್ತ; ಮೊಬೈಲ್‌ನಲ್ಲಿ ಸುಮ್ನೆ ಟಿಕ್ ಮಾಡಿ ತಮಗೆ ತಾವೇ ಚಟ ಅಂಟಿಸಿಕೊಳ್ಳುವವರು ಇದನ್ನೇ ಮರೆಯುತ್ತಾರೆ.

ಇದು ಚಟವೋ, ಮನಸ್ಸಿನ ಹಿಡಿತ ತಪ್ಪುವ ತೊಂದರೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮನೋರೋಗಗಳನ್ನು ಗುರುತಿಸುವ 2013ರ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಚಟಗಳ ಸಾಲಿಗೆ ಜೂಜನ್ನು ಸೇರಿಸಿತು, ಖರೀದಿಯನ್ನು ಸೇರಿಸಲಿಲ್ಲ. 2015ರಲ್ಲಿ ನಾರ್ವೆಯ ಬರ್ಗನ್‌ನ ಸಂಶೋಧಕರು ಚಟದ ಕನ್ನಡಕದಲ್ಲೇ ನೋಡಿ ಹೊಸ ಪ್ರಶ್ನಾವಳಿ ಮಾಡಿದರು: ಸದಾ ಅದೇ ಯೋಚನೆಯೇ, ಬೇಸರ ಕಳೆಯಲು ಕೊಳ್ಳುತ್ತೀರಾ, ಬಿಡಲು ಹೋಗಿ ಸೋತಿದ್ದೀರಾ? 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಗೇಮಿಂಗ್‌ಗೆ ಚಟದ ಪಟ್ಟ ಕೊಟ್ಟಿತು. ಖರೀದಿಗೆ ಸಿಕ್ಕಿದ್ದು ಹಿಡಿತ ತಪ್ಪುವ ತೊಂದರೆಗಳ 'ಇತರೆ' ಸಾಲಿನಲ್ಲಿ ಒಂದು ಉದಾಹರಣೆಯ ಜಾಗ ಅಷ್ಟೇ.

ಪ್ರಶ್ನಾವಳಿ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ. ಖಿನ್ನತೆ, ಆತಂಕ ಜೊತೆಗಿವೆಯೇ ಎಂದು ವೈದ್ಯರು ನೋಡಲೇಬೇಕು. ಇದಕ್ಕೆಂದೇ ಒಪ್ಪಿತವಾದ ಮಾತ್ರೆ ಇಲ್ಲ. ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಿಬಿಟಿ ಮಾದರಿಯ ಆಪ್ತಸಮಾಲೋಚನೆಗೇ ಒತ್ತು ಜಾಸ್ತಿ. ನಮ್ಮ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಅತಿಬಳಕೆಗೆಂದು 2014ರಿಂದ 'ಶಟ್' ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಬ್ಯಾಂಕ್ ಸ್ಟೇಟ್‌ಮೆಂಟ್, ಆ್ಯಪ್‌ನ ಆರ್ಡರ್ ಪಟ್ಟಿ ಜೊತೆಗಿರಲಿ. ಎಷ್ಟು, ಯಾವ ಹೊತ್ತಿನಲ್ಲಿ ಕೊಂಡಿರಿ ಎಂಬುದು ಅದರಲ್ಲೇ ಇರುತ್ತದೆ.